ಕೈ ಚಿವುಟಿ ನೋಡುತ್ತಿದ್ದ ರಾಜೇಸಾಬ ಕಾಕಾ

ಆ ಮಧ್ಯಾಹ್ನ ಟಿಕೋಟಾ ಹಾದಿಯ ಒಣದ್ರಾಕ್ಷಿ ಶೆಡ್ಡಿನಲ್ಲಿ ನಾವು ನಾಲ್ವರೇ ಇದ್ದೆವು: ನಾನು, ನನ್ನ ಮೈದುನನ ಹೆಂಡತಿ ನೀಲವ್ವ, ಕನಮಡಿಯ ಕಸ್ತೂರಿ, ಶೆಡ್ಡಿನ ಮೇಸ್ತ್ರಿ ರಾಜೇಸಾಬ ಕಾಕಾ. ತಗಡಿನ ಕೆಳಗೆ ಒಂದರ ಮೇಲೊಂದು ಬಿಗಿದ ಬಲೆಗಳ ಮೇಲೆ ದ್ರಾಕ್ಷಿ ಒಣಗಿ ಮಣೂಕವಾಗುತ್ತಿತ್ತು. ಕಾಕಾ ಹತ್ತಿರ ಬಂದವರೇ ನೀಲವ್ವನ ಕೈ ಹಿಡಿದು, ಹಿಂಬದಿಯ ತೊಗಲನ್ನು ಎರಡು ಬೆರಳಿನಿಂದ ಚಿವುಟಿ ಎತ್ತಿ ಬಿಟ್ಟರು.

ತೊಗಲು ಮರಳಿ ಕೂಡಲಿಲ್ಲ. ಹೊಲದ ಬದುವಿನಂತೆ ಎದ್ದೇ ನಿಂತಿತು.

"ಬೆವರು ಎಲ್ಲೈತಿ ಬೇ?"

"ಬಂದಿಲ್ರಿ ಕಾಕಾ. ಗಾಳಿ ಛಲೋ ಐತಿ."

"ಗಾಳಿ ಛಲೋ ಇರೂದು ಮಣೂಕಕ್ಕ. ನಿನಗಲ್ಲ," ಅಂದರು. ಅವರ ದನಿ ನಡುಗಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಕಾಕಾ ಬಬಲೇಶ್ವರದವರು. ದಿನಾ ಬೆಳಿಗ್ಗೆ ಹಳೆಯ ಮೊಪೆಡ್ ಮೇಲೆ, ಒದ್ದೆ ಗೋಣಿತಟ್ಟು ಸುತ್ತಿದ ಎರಡು ಕ್ಯಾನ್ ನೀರು ಕಟ್ಟಿಕೊಂಡು ಬರುತ್ತಿದ್ದರು. ಒಂದು ದ್ರಾಕ್ಷಿಯನ್ನು ಬೆರಳಲ್ಲಿ ಹಿಸುಕಿ, ಈ ಬಲೆ ಶುಕ್ರವಾರ ಇಳಿಸಬೇಕು, ಆ ಬಲೆ ಸೋಮವಾರ ಎಂದು ಹೇಳುವರು. ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿಲ್ಲ. ಅದೇ ಬೆರಳು ನಮ್ಮ ಕೈಮೇಲೂ ಬರುತ್ತಿತ್ತು. ಹೊಸದಾಗಿ ಬಂದ ಹೆಣ್ಣುಮಕ್ಕಳು ಹಿಂಜರಿದರೆ, "ನನ್ನ ಮಗಳಕ್ಕಿಂತ ಸಣ್ಣಾಕಿ ಅದಿ, ತಾ ಇಲ್ಲಿ" ಎನ್ನುವರು. ಚಿವುಟಿ ನೋಡಿ, ತುಟಿ ನೋಡಿ, ತುಂಬಿದ ತಂಬಿಗೆ ಕೈಗಿಡುವರು.

ಕಸ್ತೂರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. "ಕಾಕಾ, ನಮ್ಮನ್ನ ಬಲಿಯಿಂದ ಎಂದ ಇಳಸ್ತೀರಿ?" ಎನ್ನುವಳು.

"ನಿನ್ನ ಬಾಯಿ ಒಣಗಿದ ದಿನಾ ಬೇ. ಅದೇನ ಒಣಗಂಗಿಲ್ಲ ಬಿಡು."

ಹೀಗೆ ನಗಿಸುತ್ತಿದ್ದ ಮನುಷ್ಯನೊಳಗೆ ದೊಡ್ಡ ಅಂಜಿಕೆಯೊಂದಿತ್ತು. ಒಮ್ಮೆ ಮಾತ್ರ ಅದನ್ನು ಹೇಳಿದ್ದರು. ಹುಡುಗರಾಗಿದ್ದಾಗ ಬೇರೆ ಯಾವುದೋ ಶೆಡ್ಡಿನಲ್ಲಿ ಅವರ ಜೊತೆಗಾರನೊಬ್ಬ ಊಟ ಬೇಡವೆಂದು ಬಲೆಯ ನೆರಳಲ್ಲಿ ಅಡ್ಡಾಗಿದ್ದನಂತೆ. "ದಣದಾನ, ಮಲಗಲಿ ಅಂತ ಬಿಟ್ನಿ. ಚಾದ ಹೊತ್ತಿಗೆ ಎಬ್ಬಸಾಕ ಹೋದ್ನಿ. ಏಳಲಿಲ್ಲ." ಇಷ್ಟು ಹೇಳಿ ಎದ್ದು ಹೋಗಿ ಕ್ಯಾನಿನ ಗೋಣಿಗೆ ನೀರು ಚಿಮುಕಿಸುತ್ತ ನಿಂತಿದ್ದರು.

ಅಂಥವರ ಎದುರಿಗೇ ನೀಲವ್ವ ಈಗ ಬಲೆ ಹಿಡಿದು ಏಳಲು ನೋಡಿದಳು. ನನ್ನ ಮುಖ ನೋಡಿ, "ಯವ್ವಾ, ಬಾಗಲಾ ಹಾಕ್ಕೋ, ಮಳಿ ಬರಾಕತ್ತೈತಿ" ಅಂದಳು. ಹೊರಗೆ ಬಿಸಿಲು ಬೆಂಕಿಯಾಗಿತ್ತು. ನಾನು ಅವಳ ಅವ್ವ ಅಲ್ಲ.

ಕಾಕಾ ತಮ್ಮ ಟವೆಲ್ಲನ್ನು ನೀರಲ್ಲಿ ಅದ್ದಿ ಅವಳ ಕುತ್ತಿಗೆಗೆ ಸುತ್ತಿದರು. ಕಸ್ತೂರಿಗೆ ರಟ್ಟಿನಿಂದ ಗಾಳಿ ಹಾಕಲು ಹೇಳಿ, ಸಕ್ಕರೆ ಉಪ್ಪು ಕಲಸಿದ ನೀರನ್ನು ಒಂದು ಗುಟುಕು ಕೊಟ್ಟರು. ನುಂಗಿದಳು. ಎರಡನೆಯದು ಬಾಯಿಯ ಬದಿಯಿಂದ ಹೊರಗೇ ಹರಿಯಿತು. ನಾನು ಮತ್ತೆ ತಂಬಿಗೆ ಹಿಡಿದರೆ ಕೈ ತಡೆದರು. "ಬ್ಯಾಡ ಬೇ, ಉಸರಿನಾಗ ಹೋದೀತು. ಟೆಂಪೋ ಕರೀರಿ!"

ವಿಜಯಪುರ ಮುಟ್ಟುವ ತನಕ ಕಾಕಾ ಅವಳ ಕೈ ಬಿಡಲಿಲ್ಲ. ಚಿವುಟುವುದು, ನೋಡುವುದು, ಮತ್ತೆ ಚಿವುಟುವುದು. "ಊರು ಬಂತು ತಂಗಿ, ಕಣ್ಣು ತಗಿ." ಊರು ಇನ್ನೂ ದೂರವಿತ್ತು. ಮನೆಯಲ್ಲಿ ಅವಳ ಎರಡು ವರ್ಷದ ಮಗಳಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು. ಮೈಯಲ್ಲಿ ನೀರೇ ಉಳಿದಿಲ್ಲ, ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಸಂಜೆಗೆ ನೀಲವ್ವ ನನ್ನನ್ನು ಗುರುತು ಹಿಡಿದು "ಅಕ್ಕಾ" ಅಂದಾಗ ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಕಾಕಾ ಹೊರಗೆ ನಿಂತು ತಮಗೆ ತಾವೇ ಮಾತಾಡಿಕೊಳ್ಳುತ್ತಿದ್ದರು. "ನನ್ನ ಕೈಯಾರೆ ತಂಬಿಗಿ ಕೊಟ್ಟೀನಿ. ಮತ್ತ ಹೆಂಗಾತು? ನಂದ ಏನೋ ತಪ್ಪಾಗೇತಿ."

ಇನ್ನು ಬಚ್ಚಿಡಲು ಆಗಲಿಲ್ಲ. "ಆಕಿ ಕುಡದಿಲ್ರಿ ಕಾಕಾ. ನಾವ್ಯಾರೂ ಕುಡದಿಲ್ಲ. ತುಟಿ ಹಸಿ ಮಾಡ್ಕೊಂಡು, ನೀವು ಆಕಡೆ ತಿರುಗಿದ ಕೂಡ್ಲೇ ಕಂಬದ ಬುಡಕ್ಕ ಚೆಲ್ಲತಿದ್ವಿ."

"ಯಾಕ?"

"ತ್ವಾಟಕ್ಕ ಚಾಟ್ನಿ ಆತಲ್ರಿ. ಬಳ್ಳಿ ಎಲ್ಲಾ ಕತ್ತರಿಸಿ ಬೋಳ ಮಾಡ್ಯಾರ. ಮೊದಲ ಎಲಿ ಅಡ್ಡ ಇತ್ತು, ಸಾಲಿನಾಗ ಹೋಗಿ ಕುಂದರ್ತಿದ್ವಿ. ಈಗ ಕುಡದ್ರ ಒಂದಕ್ಕ ಹೋಗೂದು ಎಲ್ಲಿ?"

ಕಾಕಾ ಬೆಂಚಿನ ಮೇಲೆ ಕೂತರು. "ಇಷ್ಟ ವರ್ಷ ಕೈ ನೋಡೀನಿ. ಇದನ್ನ ನೋಡ್ಲಿಲ್ಲ" ಅಂದರು.

ಮರುದಿನ ಅವರು ಶೆಡ್ಡಿಗೆಂದು ತಂದಿದ್ದ ಹೊಸ ಹಸಿರು ಪರದೆಯನ್ನು ಕತ್ತರಿಸಿ, ನಾಲ್ಕು ಗಳ ಹುಗಿದು, ಬಾವಿಯ ಹಿಂದೆ ನಮಗೊಂದು ಮರೆ ಕಟ್ಟಿದರು. ಒಳಗೆ ಒಂದು ಬಕೆಟ್, ಒಂದು ಮಗ್ಗು. ತೋಟದ ಮಾಲೀಕರು ಬಂದು, "ಹೊಸಾ ಪರದೆ ಹಾಳ ಮಾಡಿದಿ ರಾಜೇಸಾಬ" ಎಂದು ಹರಿಹಾಯ್ದರು.

"ಜೀವಾನ ಹೋಗತಿತ್ರಿ ಧಣ್ಯಾರ. ಪರದೆ ಹೋತು, ಹೋಗ್ಲಿ ಬಿಡ್ರಿ," ಅಂದರು ಕಾಕಾ.

ಅವರನ್ನು ನಾನು, ನೀಲವ್ವ ಕೊನೆಗೆ ಕಂಡದ್ದು ಕೆಲ ವರ್ಷಗಳ ಮೇಲೆ, ಬಬಲೇಶ್ವರದ ಅವರ ಮನೆಯಲ್ಲಿ. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ವಿಜಯಪುರಕ್ಕೆ ಹೋಗಿ ರಕ್ತ ಸೋಸಿಸಿಕೊಂಡು ಬರುತ್ತಿದ್ದರು. ಮುಖ, ಕಾಲು ಊದಿದ್ದವು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿದ್ದರು. ಕಾಕಾ ಅವರ ಹೆಂಡತಿ ಚಾಚಿ ಸಣ್ಣ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ತಂದು ಕೊಟ್ಟರೆ, ಕಾಕಾ ಅದನ್ನು ಬಾಯಲ್ಲಿ ಹಿಡಿದುಕೊಂಡು ನುಂಗಲು ಮನಸ್ಸಾಗದೆ ಕೂತಿದ್ದರು. ನಮಗೆ ಮಾತ್ರ ತುಂಬಿದ ತಂಬಿಗೆಗಳು ಬಂದವು. ಅವರೆದುರಿಗೆ ಕುಡಿಯಲಾಗದೆ ನಾನು ತಂಬಿಗೆ ಕೆಳಗಿಟ್ಟೆ.

"ಕುಡೀರಿ ಬೇ. ಇಲ್ಲಿ ಕಂಬಿಲ್ಲ ಚೆಲ್ಲಾಕ."

ಕುಡಿದೆವು. ಆಮೇಲೆ ನೀಲವ್ವ ತಾನಾಗಿಯೇ ಕೈ ಚಾಚಿದಳು. ಕಾಕಾ ಎರಡು ಬೆರಳಿನಿಂದ ಚಿವುಟಿ ಬಿಟ್ಟರು. ತೊಗಲು ಥಟ್ಟನೆ ಕೂತಿತು.

"ಹಾಂ," ಅಂದರು.

ಆ ಚಳಿಗಾಲ ಕಾಕಾ ತೀರಿಕೊಂಡರು. ಮುಂದಿನ ಸುಗ್ಗಿಯ ಮೊದಲ ದಿನ ದ್ರಾಕ್ಷಿ ತುಂಬಿದ ಟ್ರ್ಯಾಕ್ಟರ್ ಬಂದು ಶೆಡ್ಡಿನ ಮುಂದೆ ನಿಂತಾಗ, ನೀಲವ್ವ ಇಳಿಸಲು ಬಿಡಲಿಲ್ಲ. ಅವಳು, ನಾನು, ಕಸ್ತೂರಿ ಸೇರಿ ಬಾವಿಯ ಹಿಂದೆ ಗಳ ಹುಗಿದು ಪರದೆ ಕಟ್ಟಿದೆವು. ಬಕೆಟ್ ತುಂಬಿಟ್ಟು ಬಂದು, ಒಬ್ಬರ ಮುಖ ಒಬ್ಬರು ನೋಡುತ್ತ ಒಂದೊಂದು ತಂಬಿಗೆ ನೀರು ಕುಡಿದೆವು. ಅಲ್ಲಿಯವರೆಗೂ ಟ್ರ್ಯಾಕ್ಟರ್ ಬಿಸಿಲಲ್ಲೇ ನಿಂತಿತ್ತು.