ಮೂಲೆಯ ಕಪಾಟು ಮತ್ತು ಅತ್ತೆಯ ಕೈ

ಹದಿನೈದೂವರೆ ಸಾವಿರ. ಅಡುಗೆಮನೆಯ ಒಂದೇ ಒಂದು ಮೂಲೆಗೆ ನಾನು ಸುರಿದ ದುಡ್ಡು ಇದು. ಬಡಗಿ ಆಚಾರಿಯ ಮಜೂರಿ ಬೇರೆ. ಯಾಕೆ ಎಂದು ಕೇಳಿದವರಿಗೆಲ್ಲ "ಅತ್ತೆಯ ಮಂಡಿನೋವಿಗಾಗಿ" ಎಂದಿದ್ದೇನೆ. ಇಂದು ಬೆಳಿಗ್ಗೆ ಆ ಕಪಾಟಿನ ಬಾಗಿಲು ಎಳೆದಾಗ ಮುರುಗಲು ಸಿಪ್ಪೆಯ ಹುಳಿವಾಸನೆ ಮುಖಕ್ಕೆ ಹೊಡೆಯಿತು. ಆ ವಾಸನೆಯ ಎದುರು ನಿಂತು ಸುಳ್ಳು ಹೇಳುವುದು ಕಷ್ಟ. ಹಾಗಾಗಿ ನಿಮಗೆ ನಿಜ ಹೇಳುತ್ತೇನೆ: ಮಂಡಿ ಅತ್ತೆಯದು, ಲಾಭ ನನ್ನದು ಎಂದುಕೊಂಡಿದ್ದೆ.

ಹೊನ್ನಾವರದ ನಮ್ಮ ಮನೆಯ ಅಡುಗೆಕಟ್ಟೆ ಗೋಡೆ ತಿರುಗಿದಲ್ಲಿ ತಾನೂ ತಿರುಗುತ್ತದೆ. ಆ ತಿರುವಿನ ಕೆಳಗೆ ಎರಡು ಕಪಾಟು ಕೂಡಿ ಒಂದು ಗುಹೆ. ಬಾಗಿಲು ಒಂದಡಿ, ಒಳಗಿನ ಆಳ ಮೂರಡಿ. ಅತ್ತೆ ನೆಲದ ಮೇಲೆ ಕೂತು, ತೋಳನ್ನು ಭುಜದ ತನಕ ಒಳಗೆ ಬಿಟ್ಟು, ಮುಖ ಮಾತ್ರ ನಮ್ಮ ಕಡೆ ತಿರುಗಿಸಿ, ಎಮ್ಮೆಗೆ ಕರು ಹಾಕಿಸುವವರ ಗಾಂಭೀರ್ಯದಲ್ಲಿ ಬೇಕಾದ ಡಬ್ಬಿಯನ್ನೇ ಹೊರಗೆ ತೆಗೆಯುತ್ತಿದ್ದರು. ಕೇರಿಯಲ್ಲಿ ಯಾವ ಮಗುವಿಗೆ ಹೊಟ್ಟೆ ಕೆಟ್ಟರೂ ಕೂವೆ ಗೆಡ್ಡೆಯ ಬಿಳಿ ಹುಡಿ ನಮ್ಮ ಮೂಲೆಯಿಂದ, ಯಾರಿಗೆ ಕೆಮ್ಮಾದರೂ ಹಿಪ್ಪಲಿ ನಮ್ಮ ಮೂಲೆಯಿಂದ. ಕೊಡುವ ಮೊದಲು ವಿಚಾರಣೆ.

"ಎಂತಕ್ಕೆ ಬೇಕು? ಎಷ್ಟು ದಿವ್ಸಾತು? ನಿನ್ನೆ ಎಂತ ತಿನ್ಸಿದ್ದೆ?"

ಪೊಲೀಸ್ ಠಾಣೆಯಲ್ಲೂ ಇಷ್ಟು ಕೇಳುವುದಿಲ್ಲ. ನಾನೇನು ಕಡಿಮೆಯವಳೇ? ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು, ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಗಳ ಬೆವರಿಳಿಸಿದವಳು, ಹೊಲಿದ ದುಡ್ಡಿನಲ್ಲೇ ಈ ಮನೆಯ ನೆಲಕ್ಕೆ ಕಲ್ಲು ಹಾಸಿಸಿದವಳು. ಅಂಥವಳು ನನ್ನದೇ ಮನೆಯಲ್ಲಿ ಒಂದು ಚಮಚ ಓಮಕ್ಕೂ ಕಾರಣ ಒಪ್ಪಿಸಬೇಕಿತ್ತು. ಹತ್ತೊಂಬತ್ತು ವರ್ಷ!

ಇನ್ನು ನೆಲದ ಮೇಲೆ ಕೂರಬಾರದು ಎಂದು ಡಾಕ್ಟರು ಅತ್ತೆಗೆ ಹೇಳಿದ ಮರುದಿನವೇ ನಾನು ಭಟ್ಕಳದ ಬಸ್ಸು ಹತ್ತಿದೆ. ಅಲ್ಲಿಯ ಅಂಗಡಿಯೊಂದರಲ್ಲಿ, ಬಾಗಿಲು ಎಳೆದರೆ ಒಳಗಿನ ಸ್ಟೀಲು ತಟ್ಟೆಗಳು ಒಂದರ ಹಿಂದೊಂದು ಹೊರಗೆ ಬರುವ ಯಂತ್ರವಿತ್ತು. ಬೆಲೆ ಇಪ್ಪತ್ತೆರಡು ಸಾವಿರ. ಬಿದ್ದ ಗುಂಡುಸೂಜಿ ಹೆಕ್ಕಲು ಇಟ್ಟುಕೊಂಡಿರುವ ಅಯಸ್ಕಾಂತವನ್ನು ಚೀಲದಿಂದ ತೆಗೆದು ಸರಳಿಗೆ ಹಿಡಿದೆ. ಟಪ್ಪೆಂದು ಕಚ್ಚಿಕೊಂಡಿತು; ಅಂದರೆ ತುಕ್ಕು ಹಿಡಿಯುವ ಜಾತಿ.

"ಎಂತ ಅಕ್ಕ, ಸ್ಟೆತಸ್ಕೋಪ್ ತಂದ್ರಾ?" ಎಂದ ಅಂಗಡಿಯವ.

"ರೋಗ ಅದೆ ಅಂತ ಗೊತ್ತಾತಲ್ಲ. ನಮ್ಮ ಉಪ್ಪುಗಾಳಿಗೆ ಎರಡು ಮಳೆಗಾಲ ಬಾಳೂದಿಲ್ಲ ಇದು. ಹನ್ನೆರಡು ಕೊಡ್ತೆ."

"ಹನ್ನೆರಡಕ್ಕೆ ಬಾಗ್ಲು ಬರ್ತದೆ ಅಕ್ಕ, ಮೂಲೆ ನೀವೇ ತರ್ಬೇಕು."

ಒಳಗಿನಿಂದ ಅಯಸ್ಕಾಂತ ಕಚ್ಚದ ಸರಳಿನದನ್ನು ತರಿಸಿ, ಅವನದೇ ಎರಡು ಚಹಾ ಕುಡಿದು, ಒಂದೇ ಅಳತೆಯ ಎರಡು ಡಜನ್ ಪ್ಲಾಸ್ಟಿಕ್ ಡಬ್ಬಿ ಪುಕ್ಕಟೆ ಹಾಕಿಸಿಕೊಂಡು ಹದಿನೈದೂವರೆಗೆ ಮುಗಿಸಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳಿಗೂ ಈ ಕತೆ ಹೇಳಿದೆ. ಅವಳು ಮುರ್ಡೇಶ್ವರದಲ್ಲೇ ಇಳಿದುಹೋದಳು.

ಆಚಾರಿ ಬಂದ ದಿನ ಗುಹೆ ಬರಿದಾಯಿತು. ಹೊರಬಿದ್ದದ್ದೇನು? ತುಕ್ಕು ಹಿಡಿದ ಬಿಸ್ಕೀಟು ಡಬ್ಬಿಗಳು, ಬಾಯಿ ಸೊಟ್ಟಾದ ಪೌಡರು ಡಬ್ಬಿ, ಕಿವಿ ಮುರಿದ ಭರಣಿ, ತೀರಿಹೋದ ಕುಕ್ಕರುಗಳ ನಾಲ್ಕು ರಬ್ಬರು, ಕಲ್ಲಾಗಿ ಹೋದ ಇಡಗುಂಜಿಯ ಪಂಚಕಜ್ಜಾಯ. ಒಳಗಿದ್ದ ಸಾಮಾನನ್ನೆಲ್ಲ ಹೊಸ ಡಬ್ಬಿಗಳಿಗೆ ಸುರಿದು, ಹಳೆಯವನ್ನು ಗುಜರಿಗೆ ಹಾಕಿದೆ. ಪ್ರತಿಯೊಂದಕ್ಕೂ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು ಚೀಟಿ ಅಂಟಿಸಿದೆ. ಅತ್ತೆ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದರು.

"ಆತು ಅತ್ತೆ. ಇನ್ನು ಯಾರೂ ನಿಮ್ಮತ್ರ ಕೇಳ್ಬೇಕಂತಿಲ್ಲ, ಚೀಟಿ ನೋಡಿ ತಕಂಡ್ರಾತು," ಎಂದೆ.

"ಆತು," ಎಂದರು.

ಅತ್ತೆಗೆ ಓದಲು ಬಾರದು. ಬ್ಯಾಂಕಿನಲ್ಲಿ ಅವರು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ನಿಲ್ಲುವವಳೇ ನಾನು. ಚೀಟಿ ಬರೆಯುವಾಗ ಅದು ಮರೆತುಹೋಗಿತ್ತೇ? ಮರೆತಿತ್ತು ಎಂದು ನೀವು ನಂಬಿದರೆ ನನಗೆ ಉಪಕಾರ.

ವಾರದೊಳಗೆ ಪಕ್ಕದ ಮನೆಯ ಸುಲೋಚನಾ ಮೊಮ್ಮಗುವಿನ ಹೊಟ್ಟೆಗೆಂದು ಕೂವೆ ಹುಡಿ ಕೇಳಿ ಬಂದಳು. ನಾನು ಅಂಗಡಿಯಲ್ಲಿದ್ದೆ. ಅತ್ತೆ ಹಳೆಯ ಹೆಮ್ಮೆಯಲ್ಲಿ, ಕಣ್ಣು ಹಾಯಿಸದೆ, ಕೂವೆಯ ಹಳೆಯ ಜಾಗವಾದ ಎಡಬದಿಯ ಎರಡನೆಯ ಡಬ್ಬಿಯಿಂದ ತೆಗೆದುಕೊಟ್ಟರು. ಸಂಜೆ ನಾನು ಬಂದಾಗ ಸುಲೋಚನಾ ಬಾಗಿಲಲ್ಲೇ ನಿಂತಿದ್ದಳು.

"ಅಮ್ಮಾ, ನೀವು ಕೊಟ್ಟದ್ದು ಮೈದಾ! ಗಂಜಿ ಕಾಸೂಕೆ ಹೋದ್ರೆ ಗೋಡೆಗೆ ಕಾಗ್ದ ಅಂಟ್ಸೂ ಗೋಂದಾತು!"

ಅವಳು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳೇ ಒಳಗೆ ಹೋಗಿ, ಕಪಾಟು ಎಳೆದು, ಚೀಟಿ ಓದಿ, ಹುಡಿ ತೆಗೆದುಕೊಂಡು ಹೋದಳು. ಅತ್ತೆಯನ್ನು ಕೇಳಲಿಲ್ಲ.

ಮರುದಿನದಿಂದ ಅತ್ತೆ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಟಿವಿಯ ಮುಂದೆ ಕೂತು ಜಾಹೀರಾತುಗಳನ್ನೂ ಬಿಡದೆ ನೋಡಿದರು. ಸಾರಿಗೆ ಮುರುಗಲು ಎಷ್ಟು ಹಾಕಲಿ ಎಂದು ಕೇಳಿದರೆ, "ನಂಗೆಂತ ಗೊತ್ತು? ಬರ್ದಿಟ್ಟಿದ್ದೆಯಲ್ಲ, ಓದ್ಕ," ಎನ್ನುವರು. ಗೆದ್ದ ಸಂತೋಷ ನನಗೆ ಮೂರು ದಿನ ಇತ್ತು. ನಾಲ್ಕನೆಯ ದಿನ ಅವರು ಎರಡು ತುತ್ತು ಉಂಡು ತಟ್ಟೆ ಸರಿಸಿದರು. ಕೇರಿಯವರು ಬಂದು, ಎಳೆದು, ತೆಗೆದುಕೊಂಡು ಹೋಗುತ್ತಲೇ ಇದ್ದರು. ಜಗಲಿಯಲ್ಲಿ ಕೂತ ಮುದುಕಿಗೆ ಒಂದು ನಗೆ ಬೀರಿದರೆ ಹೆಚ್ಚು. ನಾನು ಅತ್ತೆಯ ಮಂಡಿ ಉಳಿಸಲು ಹೋಗಿ ಅವರ ನೌಕರಿ ಕಳೆದಿದ್ದೆ.

ಒಂದು ಭಾನುವಾರ ಅಂಗಡಿಯಿಂದ ತುಂಡುಬಟ್ಟೆಯ ಚೀಲ ತಂದೆ. ಕಪಾಟಿನ ಎದುರು ಸ್ಟೂಲು ಇಟ್ಟು, ಚೀಟಿಗಳನ್ನೆಲ್ಲ ನೀರು ಹಚ್ಚಿ ಕಿತ್ತೆ.

"ಅತ್ತೆ, ಯಾವ್ದಕ್ಕೆ ಯಾವ ಬಟ್ಟೆ ಕಟ್ಲಿ?"

ಎರಡು ಜಾಹೀರಾತು ಮುಗಿದವು.

"ವೆಲ್ವೆಟ್ ಅದ್ಯಾ?" ಎಂದರು.

"ಅದೆ."

"ಅದು ಕೂವೆಗೆ."

ಎದ್ದು ಬಂದು ಸ್ಟೂಲಿನ ಮೇಲೆ ಕೂತರು. ಒಂದೊಂದು ತುಂಡನ್ನೂ ಬೆರಳಲ್ಲಿ ಉಜ್ಜಿ ನೋಡಿ ಓಮಕ್ಕೆ ಜರಿ, ಹಿಪ್ಪಲಿಗೆ ಒರಟು ಖಾದಿ, ಮುರುಗಲಿಗೆ ಜಾರುವ ಸ್ಯಾಟಿನ್ ಎಂದು ಡಬ್ಬಿಯ ಕುತ್ತಿಗೆಗೆ ಕಟ್ಟಿಸಿದರು.

"ಮೈದಾಕ್ಕೆ?" ಎಂದೆ.

"ಅದಕ್ಕೆಂತಕ್ಕೆ ಬಟ್ಟೆ? ಅಟ್ಟಕ್ಕೆ ಒಗಿ ಅದ್ನ!"

ಈಗ ಚೀಟಿಯಿಲ್ಲ. ಕೇಳದೆ ಯಾರಿಗೂ ಏನೂ ಸಿಗುವುದಿಲ್ಲ, ನನಗೂ. ಇಂದು ಬೆಳಿಗ್ಗೆ ಡಬ್ಬಿಗಳ ಕುತ್ತಿಗೆ ತಡವಿ ತಡವಿ, ಯಾವ ಬಟ್ಟೆ ಯಾವುದಕ್ಕೆಂದು ನೆನಪಾಗದೆ ಸೋತು ಜಗಲಿಯ ಕಡೆ ಕೂಗಿದೆ. "ಎಂತಕ್ಕೆ ಬೇಕು?" ಎಂದು ಬಂದ ದನಿಯಲ್ಲಿ ಉತ್ಸಾಹವೋ ಉತ್ಸಾಹ.

ನೀವೂ ಮೂಲೆ ಮಾಡಿಸುವವರಿದ್ದರೆ ಕೇಳಿ. ಯಂತ್ರ ಪೂರ್ತಿ ಹೊರಗೆ ಬಂದಾಗ ಪಕ್ಕದ ಕಪಾಟಿನ ಹಿಡಿಕೆಗೆ ತಾಗುತ್ತದೆಯೇ ಎಂದು ಅಳೆದ ಮೇಲೆಯೇ ಮುಂಗಡ ಕೊಡಿ. ಭಾರದ್ದು ಕೆಳತಟ್ಟೆಗೆ. ಉಪ್ಪಿನಕಾಯಿ ಒಳಗೆ ಬೇಡ, ಅದು ಎಂಥ ಸ್ಟೀಲನ್ನೂ ತಿನ್ನುತ್ತದೆ. ಡಬ್ಬಿ ಜೋಡಿಸುವ ದಿನ ಮಾತ್ರ ನೀವು ಹಿಂದೆ ನಿಲ್ಲಿ. ಇಷ್ಟು ವರ್ಷ ಕತ್ತಲೆಯಲ್ಲಿ ಕೈಯಾಡಿಸಿದವರನ್ನು ಎದುರು ಕೂರಿಸಿ. ಅವರು ಕಣ್ಣು ಮುಚ್ಚಿ, ಕೇಳಿದ್ದನ್ನು ತೆಗೆದುಕೊಟ್ಟ ಮೇಲೆಯೇ ಆಚಾರಿಗೆ ಬಾಕಿ ಮಜೂರಿ ಕೊಡಿ.