ಮದರ್‌ಬೋರ್ಡ್ ಕೊಡದ ಅಂಗಡಿಯವನು

ಬ್ರೂಸ್‌ಪೇಟೆಯ ಆ ಕಂಪ್ಯೂಟರ್ ಅಂಗಡಿಯವನಿಗೆ ಮಾರುವುದಕ್ಕಿಂತ ಕೊಳ್ಳದಂತೆ ತಡೆಯುವುದೇ ಹೆಚ್ಚು ಇಷ್ಟವಾಗಿತ್ತು. ಮಗಳ ಗೇಮಿಂಗ್ ಕಂಪ್ಯೂಟರಿಗೆ ಮದರ್‌ಬೋರ್ಡ್ ಬೇಕೆಂದು ಸಿರುಗುಪ್ಪದಿಂದ ಸುಡುಬಿಸಿಲಲ್ಲಿ ಎರಡು ಸಲ ಬಸ್ಸು ಹತ್ತಿ ಬಂದೆ. ಎರಡೂ ಸಲ ಅವನು ಬೋರ್ಡನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, ಮತ್ತೆ ಡಬ್ಬಿಗೆ ಹಾಕಿದ.

"ಸ್ವಲ್ಪ ತಡೀರಿ ಸರ್. ಮುಂದ ಬರೋ ಪ್ರೊಸೆಸರ್ ಇದಕ್ಕ ಕೂಡಂಗಿಲ್ಲ."

ಮೂರನೇ ಸಲ ಕಂಪ್ಯೂಟರಿನ ಉಳಿದ ಭಾಗಗಳ ಜೊತೆ ಮಗಳನ್ನೂ ಕರೆತಂದೆ. ಅವನು ಅದೇ ರಾಗ ತೆಗೆದಾಗ ಅವಳೇ ಹೇಳಿದಳು: "ಅಂಕಲ್, ಸೂಟಿ ಮುಗಿದ ಮ್ಯಾಲ ನಾ ಹಾಸ್ಟೆಲಿಗೆ ಹೋಗ್ತೀನಿ. ಅಪ್ಪನ ಜೋಡಿ ಆಡಾಕ ಇನ್ನ ಹದಿನೈದು ದಿನ ಅಷ್ಟ ಐತಿ."

ಅವನು ಬೋರ್ಡ್ ತೆಗೆದು, ಅಲ್ಲೇ ಕೂತು ಇಡೀ ಕಂಪ್ಯೂಟರ್ ಜೋಡಿಸಿದ. ಪರದೆ ಬೆಳಗಿದ ಮೇಲೆ, ಎರಡು ಸಲ ನನಗೆ ಬಾಯಿ ತೆರೆಯಗೊಡದ ಆ ಮನುಷ್ಯ ನನ್ನ ಮೇಲೇ ರೇಗಿದ: "ಇದನ್ನ ಮೊದಲ ಹೇಳಾಕ ಏನಾಗಿತ್ರಿ ನಿಮಗ?"