ಅಜ್ಜಾರ ಕಣ್ಣು

ತಿಳವಳ್ಳಿಯ ಮಲ್ಲಿಕಾ ಮಾಡುವ ಕೆಲಸಕ್ಕೆ ಊರಲ್ಲಿ ಸರಿಯಾದ ಹೆಸರಿಲ್ಲ. ‘ಗೊಂಬಿಗೆ ಬಣ್ಣಾ ಹಚ್ಚಾಕಿ’ ಎನ್ನುತ್ತಾರೆ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಬೂದುಬಣ್ಣದ ರೆಸಿನ್ ಗೊಂಬೆಗಳನ್ನು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಬೆರಳುದ್ದದ ಕುದುರೆ ಸವಾರರು, ಪೇಟ ಸುತ್ತಿದ ನವಾಬರ ಸಿಪಾಯಿಗಳು, ಕೋಡಿರುವ ರಾಕ್ಷಸರು, ರೆಕ್ಕೆಯ ಹೆಂಗಸರು, ಎದೆಯಿಂದ ಮೇಲಷ್ಟೇ ಇರುವ ರಾಜರಾಣಿಯರು. ಬಣ್ಣ ಹಚ್ಚಿದ ಮೇಲೆ ಹವ್ಯಾಸದವರು ಕೊಂಡು ಗಾಜಿನ ಕಪಾಟಿನಲ್ಲಿಡುತ್ತಾರಂತೆ. ಮದುವೆಗೆ ಮೊದಲು ದುಂಡಸಿಯ ತವರಿನಲ್ಲಿ ಎತ್ತಿನ ಕೋಡಿಗೆ ಬಣ್ಣ ಬಳಿದದ್ದಷ್ಟೇ ಅವಳ ವಿದ್ಯೆ. ಉಳಿದದ್ದನ್ನು ಮೊಬೈಲ್ ನೋಡಿ, ಕೆಡಿಸಿ, ಅಳಿಸಿ ಕಲಿತಳು. ಈಗ ಸಿಪಾಯಿಯ ಅಂಗಿಯ ಸಾಸಿವೆಯಷ್ಟು ಗುಂಡಿಗೂ ಬೆಳಕು, ನೆರಳು ಕೊಡಬಲ್ಲಳು.

ಕಣ್ಣು ಬರೆಯುವುದು ಕೊನೆಗೆ. ಆಗ ಕುಂಚದ ತುದಿ ಒಂದೇ ಕೂದಲಿನಂತಿರಬೇಕು. ಮಲ್ಲಿಕಾ ಅದನ್ನು ತುಟಿಗಳ ನಡುವೆ ಎಳೆದು ಚೂಪು ಮಾಡಿಕೊಳ್ಳುತ್ತಾಳೆ. ಉಗುರು ಕಚ್ಚುವವರ ಚಟದ ಹಾಗೆ, ಕೈಗೆ ತಾನಾಗಿ ಹತ್ತಿದ್ದು.

ಅತ್ತೆ ಸಾವಂತ್ರವ್ವ ಎಂಜಲಿನ ವಿಷಯದಲ್ಲಿ ಬಹಳ ಬಿಗಿ. ಉಪ್ಪು ನೋಡಿದ ಸೌಟು ಮತ್ತೆ ಗಡಿಗೆಗೆ ಹೋದರೆ ಆ ಸಾರೆಲ್ಲ ಎಮ್ಮೆಯ ಬಾನಿಗೆ.

“ನಿನ್ನ ಎಂಜಲ ರಾಕ್ಷಸರು ತಿಂತಾರೋ, ರಾಕ್ಷಸರ ಎಂಜಲ ನೀ ತಿಂತೀಯೋ?” ಎಂದು ಸೊಸೆಯನ್ನು ಕೆಣಕುವಳು.

“ಒಂದ ತಾಟಿನ್ಯಾಗ ಉಣ್ತೇವ್ರಿ ಅತ್ತಿ,” ಎಂದು ಮಲ್ಲಿಕಾ ನಗುವಳು.

ಹೋದ ವರ್ಷ ಸಾವಂತ್ರವ್ವನ ತಮ್ಮ ಉಳಿವೆಪ್ಪ ಹಿರೇಕೆರೂರಿನಿಂದ ಒಂದು ಮೂರ್ತಿ ತಂದ. ಅಕ್ಕ ತಮ್ಮ ಇಬ್ಬರಿಗೂ ದೀಕ್ಷೆ ಕೊಟ್ಟ ಮಠದ ಸ್ವಾಮಿಗಳದು. ಭಕ್ತರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ಫೋಟೊ ಕೊಟ್ಟು ಮಾಡಿಸಿದ ಗೇಣುದ್ದದ, ಎದೆಯಿಂದ ಮೇಲಷ್ಟೇ ಇರುವ ಮೂರ್ತಿ ಅದು.

“ಬಣ್ಣಾ ಹಚ್ಚವಾ. ಅಜ್ಜಾರ ಸ್ಮರಣಿ ದಿವಸ ಮಠದಾಗ ಇಡೂಣು. ಅಲ್ಲೀತನ ನಿಮ್ಮ ದೇವರ ಜಗಲಿ ಮ್ಯಾಲೆ ಇರ್ಲಿ,” ಎಂದ.

“ಇದಕ್ಕ ಮಾತ್ರ ಬಾಯಿ ಹಚ್ಚಬ್ಯಾಡ ನೋಡು,” ಎಂದಳು ಸಾವಂತ್ರವ್ವ.

ಮಲ್ಲಿಕಾ ಜಳಕ ಮಾಡಿ, ವಿಭೂತಿ ಧರಿಸಿ ಕುಳಿತಳು. ಕುಂಚ ಚೂಪು ಮಾಡಲು ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡಳು. ಕಾವಿ ಬಂತು, ರುದ್ರಾಕ್ಷಿ ಬಂತು, ಗಡ್ಡದ ನರೆ ಬಂತು. ಕೊನೆಗೆ ಬಲಗಣ್ಣಿನ ಪಾಪೆಯಲ್ಲಿ ಬಿಳಿ ಚುಕ್ಕೆ ಇಟ್ಟಾಗ ಅಜ್ಜಾರು ಅವಳನ್ನು ನೋಡಿದರು. ತುಟಿಯ ಮೇಲೆ ಬಣ್ಣದ ರುಚಿ ಅವಳಿಗೆ ಗೊತ್ತಾದದ್ದೂ ಆಗಲೇ.

ಸ್ಪಿರಿಟ್ಟಿನ ಹತ್ತಿಯಿಂದ ಒಂದು ಸಲ ಒರೆಸಿದ್ದರೆ ಸಾಕಿತ್ತು. ಆದರೆ ಅಂಥ ಕಣ್ಣು ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಅವಳು ಒರೆಸಲಿಲ್ಲ.

ಸಾವಂತ್ರವ್ವ ದಿನವೂ ಮೊದಲ ರೊಟ್ಟಿಯ ಚೂರನ್ನು ಅಜ್ಜಾರ ಮುಂದಿಟ್ಟು, ಅದನ್ನೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿನ್ನತೊಡಗಿದಳು. ಮಲ್ಲಿಕಾ ಎದುರಿಗೆ ಕುಳಿತು ಬಡಿಸುವಳು. ಓಣಿಯ ಹೆಂಗಸರು ನೋಡಲು ಬಂದರು. ಪಕ್ಕದ ಮನೆಯ ಗುತ್ತೆವ್ವನಂತೂ ಜಗಲಿಯ ಮುಂದೆ ನಿಂತು ಸೆರಗು ಹೊದ್ದುಕೊಂಡಳು.

“ಮಲ್ಲಿಕಾ, ಅಜ್ಜಾರು ನನ್ನ ನೋಡಾಕತ್ತಾರಲ್ಲ. ನಿನ್ನಿ ಸೊಸಿ ಕೂಡ ಜಗಳಾಡಿದ್ದು ಗೊತ್ತಾಗೇತೇನ ಮತ್ತ?”

ಎಲ್ಲರೂ ನಕ್ಕರು. ಮಲ್ಲಿಕಾ ಪಾತ್ರೆ ತಿಕ್ಕುವ ನೆಪದಲ್ಲಿ ಹಿತ್ತಲಿಗೆ ಹೋದಳು. ಹೊಗಳಿಕೆ ಕೇಳಿದಷ್ಟೂ ಅವಳ ತಲೆ ತಗ್ಗುತ್ತಿತ್ತು. ಪೂಜೆಯ ಹೊತ್ತಿಗೆ ಜಗಲಿಯ ಕಡೆ ಬೆನ್ನು ಮಾಡಿ ಏನಾದರೊಂದು ಕೆಲಸ ಹುಡುಕಿಕೊಳ್ಳುವಳು. ಮನೆಯವರು, ಓಣಿಯವರಷ್ಟೇ ಕೈಮುಗಿಯುತ್ತಿದ್ದದ್ದಕ್ಕೆ ಇನ್ನು ಮಠಕ್ಕೆ ಬರುವವರೆಲ್ಲ ಕೈಮುಗಿಯುತ್ತಾರೆ ಎಂದು ನೆನೆದು ದಿನ ಎಣಿಸುವಳು.

ಸ್ಮರಣೆಯ ಹಿಂದಿನ ದಿನ ಸಾವಂತ್ರವ್ವ ಹೂವು ತರಲು ಹಾನಗಲ್ಲಿಗೆ ಹೋದಳು. ಅವಳು ಬರುವುದರೊಳಗೆ ಹೊಸ ಕಣ್ಣು ಬರೆದುಬಿಟ್ಟರೆ ಯಾರಿಗೂ ತಿಳಿಯದು ಎಂದುಕೊಂಡು ಮಲ್ಲಿಕಾ ಮೂರ್ತಿಯನ್ನು ಇಳಿಸಿ ಒರೆಸಿದಳು. ಕಣ್ಣಿದ್ದಲ್ಲಿ ಬೆಳ್ಳಗಾಯಿತು. ಕುಂಚ ಹಿಡಿದು ಬರೆದಳು, ಸರಿಬರಲಿಲ್ಲ, ಒರೆಸಿದಳು. ಮತ್ತೆ ಬರೆದಳು, ಮತ್ತೆ ಒರೆಸಿದಳು. ಅಷ್ಟರಲ್ಲಿ, ಬಸ್ಸು ಬೇಗ ಸಿಕ್ಕಿತೆಂದು, ಸಾವಂತ್ರವ್ವ ಬಾಗಿಲಲ್ಲಿ ನಿಂತಿದ್ದಳು.

“ಕಣ್ಣಿಗೇನಾತು?”

“ನಾನ ಅಳಿಸೇನ್ರಿ.”

“ಯಾಕ?”

“ಬಾಯಿ ಹಚ್ಚಿ ಬರದಿದ್ದೆ. ಎಂಜಲ ಆಗಿತ್ತು. ನಿಮಗ ಹೇಳಲಿಲ್ಲ.”

ಸಾವಂತ್ರವ್ವ ಹೂವಿನ ಚೀಲವನ್ನು ಕೆಳಗಿಟ್ಟು, ಗೋಡೆಗೊರಗಿ ಕುಳಿತಳು.

“ನಾ ಪ್ರಸಾದ ಅಂತ ತಿಂದೆ. ನೀ ಎದುರಿಗೆ ಕುಂತು ನೋಡಿದಿ.”

“ಹೂಂರಿ.”

ಅತ್ತೆ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಸಾವಂತ್ರವ್ವ ತನಗೇ ಎಂಬಂತೆ ಹೇಳಿದಳು: “ಲಿಂಗಾ ಕಟ್ಟಿದಾಗ ಅಜ್ಜಾರು ಹೇಳಿದ್ರು, ನಮ್ಮವರಿಗೆ ಎಂಜಲ ಸೂತಕ ಇಲ್ಲಂತ. ಹೂಂರಿ ಅಂದೆ. ಮನಿಗೆ ಬಂದು ಸಾರ ಚೆಲ್ಲಿದೆ. ನಂದೂ ಏನ ಹೇಳೂದೈತಿ. ಎಂಜಲದ ಮಾತ ಬಿಡು.” ತಲೆ ಎತ್ತಿ ಕೇಳಿದಳು: “ಅವತ್ತ ಯಾಕ ಅಳಸಲಿಲ್ಲ? ನಾ ಬೈತೇನಂತೇನ?”

ಹೌದೆಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಅಲ್ರಿ,” ಎಂದಳು ಮಲ್ಲಿಕಾ. “ಭಾಳ ಚಲೋ ಬಂದಿದ್ವು.”

ಸಾವಂತ್ರವ್ವ ಮುಖ ತಿರುಗಿಸಿ ಹೂವಿನ ಚೀಲವನ್ನು ಅತ್ತ ಸರಿಸಿದಳು. ಎಂಜಲನ್ನು ಮನ್ನಿಸಿದವಳು ಇದನ್ನು ಮನ್ನಿಸಲಿಲ್ಲವೆಂದು ಮಲ್ಲಿಕಾಗೆ ತಿಳಿಯಿತು.

“ಬರಿ ಈಗ. ನಾ ಇಲ್ಲೇ ಕುಂದರ್ತೇನಿ.”

ಬರೆದಳು. ಕಣ್ಣು ಬಂತು, ಆದರೆ ಮೊದಲಿನದಲ್ಲ. ಬಲಗಣ್ಣು ತುಸು ಕೆಳಗೆ ನೋಡುತ್ತಿತ್ತು.

“ಅಳಿಸಿ ಇನ್ನೊಮ್ಮೆ ಬರೀಲ್ರೀ?”

“ಬ್ಯಾಡ. ಹಿಂಗ ಇರ್ಲಿ.”

ಮರುದಿನ ಮಠದಲ್ಲಿ ಮೂರ್ತಿಯನ್ನು ಹೂವಿನ ನಡುವೆ ಇಟ್ಟರು. ಉಳಿವೆಪ್ಪ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ.

“ಅಕ್ಕಾ, ದೀಪಾವಳಿಗೆ ನಾ ಬಂದಾಗ ಕಣ್ಣು ಜೀವಂತ ಇದ್ದಂಗ ಇದ್ವಲ್ಲ. ಏನಾತು?”

“ನಿನ್ನಿ ಹೊಸಾವು ಬರದಾಳ,” ಎಂದಳು ಸಾವಂತ್ರವ್ವ. “ಯಾಕ ಅನ್ನೂದು ಆಕೀನ್ನ ಕೇಳು.”

ಅವನು ತಿರುಗಿದ. ಸಾಲಿನಲ್ಲಿದ್ದ ಹೆಂಗಸರೂ ತಿರುಗಿದರು. ಮಲ್ಲಿಕಾ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಮೊದಲಿನಿಂದ ಹೇಳತೊಡಗಿದಳು.